ತಂಗುದಾಣ ಯಾರದು, ಬಸ್ಸು ಯಾರದು? ಪಾಲಿಕೆಯಲ್ಲಿ ಕೇಳುವವರು ಯಾರು?

ನಿಟುವಳ್ಳಿ ಅಮ್ಮ

ದಾವಣಗೆರೆಯ ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಬಸ್ ತಂಗುದಾಣ ಇದೆ. ಕೂರಲು ಸ್ಟೀಲಿನ ಬೆಂಚು, ಮೇಲೆ ಬಾಗಿದ ಚಾವಣಿ, ಬೆನ್ನಿಗೆ ಜಾಹೀರಾತಿನ ಹಲಗೆ, ಎಲ್ಲವೂ ಇದೆ. ಬಸ್ಸು ಮಾತ್ರ ಇಲ್ಲ. ಮಧ್ಯಾಹ್ನ ಎರಡು ನಾಯಿಗಳು ಅಲ್ಲಿ ಮಲಗಿರುತ್ತವೆ. ಸಂಜೆ ಹೂವು ಮಾರುವ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಅಜ್ಜಿಗಾದರೂ ನೆರಳಾಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತೇನೆ.

ಮಗಳು ಪಿಯುಸಿ ಓದುತ್ತಿದ್ದಾಳೆ. ಬಸ್ಸು ಸಿಗಬೇಕೆಂದರೆ ಮುಖ್ಯ ರಸ್ತೆಯವರೆಗೆ ನಡೆಯಬೇಕು, ಇಲ್ಲದಿದ್ದರೆ ಆಟೊ. ತಿಂಗಳ ಕೊನೆಗೆ ಆಟೊ ಲೆಕ್ಕ ಹಾಕಿದರೆ ಹಾಲಿನ ಲೆಕ್ಕಕ್ಕಿಂತ ದೊಡ್ಡದಾಗಿರುತ್ತದೆ. ಹೋದ ತಿಂಗಳು ಅರ್ಜಿ ಬರೆದುಕೊಂಡು ಹೊರಟೆ. ಮೊದಲ ಕಚೇರಿಯಲ್ಲಿ, ತಂಗುದಾಣ ನಮ್ಮದಿರಬಹುದು, ಬಸ್ಸು ನಮ್ಮದಲ್ಲ ಎಂದರು. ಎರಡನೆಯ ಕಡೆ, ಬಸ್ಸು ನಮ್ಮದೇ, ಆದರೆ ಹೊಸ ಮಾರ್ಗಕ್ಕೆ ರಹದಾರಿ, ಅಂದರೆ ಪರ್ಮಿಟ್, ಕೊಡುವವರು ಬೇರೆ ಎಂದರು. ಮೂರನೆಯ ಕಡೆ, ಅರ್ಜಿ ಬಂದರೆ ರಹದಾರಿ ಕೊಡುತ್ತೇವೆ, ಆ ಮಾರ್ಗಕ್ಕೆ ಯಾರೂ ಅರ್ಜಿಯನ್ನೇ ಹಾಕಿಲ್ಲ ಎಂದರು. ಮೂರೂ ಕಡೆ ಮರ್ಯಾದೆಯಿಂದಲೇ ಮಾತನಾಡಿಸಿದರು, ಒಂದು ಕಡೆ ಚಹಾ ಕೂಡ ತರಿಸಿದರು. ಜಗಳವಾಡೋಣವೆಂದರೆ ಎದುರಿಗೆ ಒಬ್ಬರೂ ಸಿಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಊರಿನ ದೂಳು ಹೆಚ್ಚಿತು, ಬಿಸಿಲು ಹೆಚ್ಚಿತು, ಸ್ವಂತ ವಾಹನ ಬಿಡಿ, ಬಸ್ಸಿನಲ್ಲಿ ಓಡಾಡಿ ಎಂದು ಎಲ್ಲರೂ ಹೇಳುತ್ತಾರೆ. ಬಸ್ಸು ಎಲ್ಲಿ ಎಂದು ನಮ್ಮ ಪರವಾಗಿ ಕೇಳುವ ಅಧಿಕಾರ ವಾರ್ಡ್ ಸದಸ್ಯರಿಗೆ ಇದೆಯೇ, ಇಲ್ಲವೇ? ಕಾನೂನು ಬಲ್ಲವರು ಹೇಳಿ.

ಹಳೆ ಕಡತ

ಅಮ್ಮಾ, ಆ ಮೂವರಲ್ಲಿ ಯಾರೂ ನಿಮಗೆ ಸುಳ್ಳು ಹೇಳಿಲ್ಲ. ತೊಂದರೆ ಇರುವುದೇ ಅಲ್ಲಿ. ನಾನು ಕಡತಗಳ ನಡುವೆ ತಲೆ ನರೆಸಿಕೊಂಡು ನಿವೃತ್ತನಾದವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ, ಸೇತುವೆ ಇವೆ. ಪರಿಸರ ಸಂರಕ್ಷಣೆಯೂ ಇದೆ. 17ನೆಯದರಲ್ಲಿ ಬೀದಿದೀಪ, ವಾಹನ ನಿಲುಗಡೆ ಜಾಗ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯಗಳನ್ನು ಒಟ್ಟಿಗೆ ಕಟ್ಟಿಟ್ಟಿದ್ದಾರೆ. ಬಸ್ಸು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ನಿಮ್ಮ ತಿರುವಿನಲ್ಲಿ ಕಂಡಂತೆಯೇ ಅನುಸೂಚಿಯಲ್ಲೂ ತಂಗುದಾಣ ಇದೆ, ಬಸ್ಸು ಇಲ್ಲ.

ಬಸ್ಸಿನ ರಹದಾರಿ 1988ರ ಮೋಟಾರು ವಾಹನ ಕಾಯ್ದೆಯಂತೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೆಲಸ. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಕೆಎಸ್‌ಆರ್‌ಟಿಸಿ ರಾಜ್ಯ ಸರ್ಕಾರದ ನಿಗಮ. ಸಂಚಾರ ನಿಯಂತ್ರಣ ಪೊಲೀಸರದು, ಹೊಗೆ ತಪಾಸಣೆ ಸಾರಿಗೆ ಇಲಾಖೆಯದು, ಗಾಳಿಯ ಗುಣಮಟ್ಟ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯದು. ಇಷ್ಟು ಕೈಗಳಲ್ಲಿ ಮತದಾರರು ಆರಿಸಿದ ಕೈ ಒಂದೂ ಇಲ್ಲ.

ಹಾಗೆಂದು ಪಾಲಿಕೆಗೆ ಬಾಯಿಯೇ ಇಲ್ಲ ಎಂದಲ್ಲ. ಅದೇ ಕಾಯ್ದೆಯ 117ನೇ ಕಲಂ ನೋಡಿ. ವಾಹನಗಳು ಎಲ್ಲಿ ನಿಲ್ಲಬೇಕು, ಬಸ್ಸುಗಳು ಎಲ್ಲಿ ತಂಗಬೇಕು ಎಂದು ಗೊತ್ತುಪಡಿಸುವಾಗ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಬೇಕು ಎಂದಿದೆ. 72ನೇ ಕಲಮಿನಲ್ಲಿ ಇನ್ನೂ ಸ್ವಾರಸ್ಯವಿದೆ. ರಹದಾರಿ ಕೊಡುವಾಗ ದಿನಕ್ಕೆ ಕನಿಷ್ಠ ಇಷ್ಟು ಟ್ರಿಪ್ ಓಡಿಸಬೇಕು, ವೇಳಾಪಟ್ಟಿಯನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ತೂಗುಹಾಕಬೇಕು ಎಂದು ಷರತ್ತು ವಿಧಿಸಬಹುದು. ನಮ್ಮೂರಿನಲ್ಲಿ ಸರ್ಕಾರಿ ಬಸ್ಸೂ ಇದೆ, ಖಾಸಗಿ ನಗರ ಬಸ್ಸೂ ಇದೆ. ನಿಮ್ಮ ತಂಗುದಾಣದ ಜಾಹೀರಾತು ಹಲಗೆಯ ಪಕ್ಕ ವೇಳಾಪಟ್ಟಿ ಏನಾದರೂ ಇದೆಯೇ?

ನಿಟುವಳ್ಳಿ ಅಮ್ಮ

ಚಿನ್ನದ ಅಂಗಡಿಯವರ ಚಿತ್ರ ಇದೆ. ವೇಳಾಪಟ್ಟಿ ಇಲ್ಲ.

ಮೂರು ಗಾಲಿ

ಅಕ್ಕಾ, ನಾನು ಆಟೊ ಓಡಿಸುವವನು. ನಿಮ್ಮ ಬಡಾವಣೆಗೆ ಬಸ್ಸು ಬಂದರೆ ನನ್ನ ಬಾಡಿಗೆಗೆ ಕಲ್ಲು ಬೀಳುತ್ತದೆ, ಅದನ್ನು ಮುಚ್ಚಿಟ್ಟು ಮಾತನಾಡುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸು ಓಡಾಡುವ ರಸ್ತೆಯಲ್ಲಿ ಹೆಣ್ಣುಮಕ್ಕಳು ಆಟೊಗೆ ಕೈ ಮಾಡುವುದು ಕಡಿಮೆಯಾಯಿತು. ತಪ್ಪೆಂದು ಹೇಳುತ್ತಿಲ್ಲ, ನನ್ನ ಹೆಂಡತಿಯೂ ಅದರಲ್ಲೇ ಹರಿಹರದ ತವರಿಗೆ ಹೋಗಿ ಬರುತ್ತಾಳೆ. ಆದರೆ ಖಾಸಗಿ ಬಸ್ಸಿಗೆ ಆ ಯೋಜನೆ ಇಲ್ಲ. ಆದ್ದರಿಂದ ಯಾವ ಬಡಾವಣೆಗೆ ಯಾವ ಬಸ್ಸು ಎಂಬುದು ಈಗ ಬರೀ ಮಾರ್ಗದ ಪ್ರಶ್ನೆಯಲ್ಲ, ಮನೆಯ ಖರ್ಚಿನ ಪ್ರಶ್ನೆ. ಅದನ್ನು ನಮ್ಮ ಊರಿನವರೇ ಕೂತು ತೀರ್ಮಾನಿಸಬೇಡವೇ?

ಕಡತದ ಯಜಮಾನರಿಗೆ ಇನ್ನೊಂದು ಮಾತು. ವಿದ್ಯುತ್ ಆಟೊಗಳಿಗೆ ರಹದಾರಿಯೇ ಬೇಡ ಎಂದು ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಹೊಗೆ ಇಲ್ಲದ ಗಾಡಿ, ಒಳ್ಳೆಯದೇ. ನಾನೂ ಸಾಲ ಸಿಕ್ಕರೆ ಅದಕ್ಕೇ ಬದಲಾಯಿಸಬೇಕೆಂದಿದ್ದೇನೆ. ಆದರೆ ನಗರದಲ್ಲಿ ಇಷ್ಟೇ ಆಟೊ ಇರಲಿ ಎಂದು ಹೇಳುವ ಹಗ್ಗ ಅಲ್ಲಿಗೆ ಕಡಿಯಿತು. ಹಗ್ಗ ಕಡಿದ ಮೇಲೆ ನಿಲ್ದಾಣ ಎಲ್ಲಿ, ಚಾರ್ಜಿಂಗ್ ಎಲ್ಲಿ ಎಂದು ಯೋಚಿಸಬೇಕಾದವರು ಯಾರು? ಜಾಗ ಪಾಲಿಕೆಯದ್ದೇ ತಾನೇ?

ಗಿರಣಿ ಚಾಳು

ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನಮ್ಮ ತಂದೆ ಅಂಗಿಗೆ ಅರಳೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದರು. ಗಿರಣಿಗಳು ಹೋದವು, ದೂಳು ಉಳಿಯಿತು.

ದೂಳಿನ ಲೆಕ್ಕ ಹೇಳುತ್ತೇನೆ, ಏಕೆಂದರೆ ನಮ್ಮ ಪಾಲಿಕೆಯ ಸದಸ್ಯರು ಹಿಡಿದು ಕೇಳಬಹುದಾದ ಗಟ್ಟಿ ಎಳೆ ಅದೊಂದೇ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಗಾಳಿಯ ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ್ದು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ಮತ್ತೆ ನಾವು. ಮೈಸೂರು ಇಲ್ಲ, ಮಂಗಳೂರು ಇಲ್ಲ. ಬೆಣ್ಣೆ ದೋಸೆಯ ಜೊತೆಗೆ ಈ ಹೆಸರೂ ನಮಗೆ ಅಂಟಿತು. 2017ನೇ ಇಸವಿಗೆ ಹೋಲಿಸಿ ದೂಳಿನ ಕಣಗಳನ್ನು 2024ರೊಳಗೆ ಶೇ 20ರಿಂದ 30ರಷ್ಟು ಇಳಿಸಬೇಕು ಎಂಬುದು ಮೊದಲ ಗುರಿ. ಆಮೇಲೆ ಅದನ್ನು 2025–26ರೊಳಗೆ ಶೇ 40ರವರೆಗೆ ಎಂದು ಏರಿಸಿದರು. ಹತ್ತು ಮೈಕ್ರಾನ್‌ವರೆಗಿನ ಸಣ್ಣ ದೂಳಿನ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ.

ಇದಕ್ಕಾಗಿ ನಗರಗಳಿಗೆ ಹಣ ಬರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ನೋಡಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2024ರಲ್ಲಿ ದೇಶದ ಲೆಕ್ಕ ತೆಗೆದಾಗ, ಖರ್ಚಿನ ಶೇ 64ರಷ್ಟು ರಸ್ತೆ ದೂಳಿಗೇ ಹೋಗಿತ್ತು. ಡಾಂಬರು, ಗುಂಡಿ ಮುಚ್ಚುವುದು, ಗುಡಿಸುವ ಯಂತ್ರ, ನೀರು ಚಿಮುಕಿಸುವ ಗಾಡಿ. ವಾಹನಗಳ ಹೊಗೆಗೆ ಸಿಕ್ಕಿದ್ದು ಶೇ 13ರೊಳಗೆ. ಕಾರ್ಖಾನೆಗಳಿಗೆ ಶೇ 1 ಕೂಡ ಇಲ್ಲ. ಕಾರಣ ಸುಲಭ. ರಸ್ತೆ ಪಾಲಿಕೆಗಳದ್ದು, ಟೆಂಡರ್ ಕರೆಯಬಹುದು. ಬಸ್ಸು ಅವುಗಳದ್ದಲ್ಲ. ಕೈಗೆ ಎಟುಕುವಷ್ಟನ್ನೇ ರೋಗ ಎಂದುಕೊಂಡು ಮದ್ದು ಹಚ್ಚಿದ ಹಾಗೆ.

ನಮ್ಮ ಊರಿನ ಮಂಡಕ್ಕಿ ಭಟ್ಟಿಗಳನ್ನು ನೆನೆಯಿರಿ. ಹಿಂದೆಲ್ಲ ಹೊಟ್ಟಿನ ಜೊತೆ ಹಳೆ ಟೈರನ್ನೂ ಉರಿಸುತ್ತಿದ್ದರು, ಓಣಿಯಲ್ಲಿ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣವಾಗುತ್ತಿತ್ತು. ಭಟ್ಟಿಯವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಅಗ್ಗದ ಉರುವಲು ಬೇಕಿತ್ತು. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಬೇಕೆನ್ನುವವರು ನಾವೇ. ಆ ಭಟ್ಟಿಗಳ ಸುಧಾರಣೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೇರಿತ್ತು. ಆಮೇಲೆ ಹೊಗೆ ಎಷ್ಟು ಇಳಿಯಿತು ಎಂಬ ಲೆಕ್ಕವನ್ನು ಯಾವ ಸಭೆಯ ಮುಂದೆ ಇಟ್ಟರು? ನಾನು ಕೇಳುತ್ತಿರುವುದು ಅದನ್ನು.

ಮಂಡಿಪೇಟೆ ಗಲ್ಲಾಪೆಟ್ಟಿಗೆ

ಎಲ್ಲರೂ ಸದಸ್ಯರಿಗೆ ಅಧಿಕಾರ ಕೊಡಿ ಎನ್ನುತ್ತಿದ್ದೀರಿ. ಕೊಟ್ಟರೆ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ಬಸ್ಸು ಸದಸ್ಯರ ಬೀಗರ ಮನೆ ಮುಂದೆ ನಿಲ್ಲುತ್ತದೆ. ತಂಗುದಾಣ ಅಳಿಯನ ಅಂಗಡಿ ಪಕ್ಕಕ್ಕೆ ಬರುತ್ತದೆ. ಈಗ ಅಧಿಕಾರಿಗಳಾದರೂ ವರ್ಗವಾಗಿ ಹೋಗುತ್ತಾರೆ, ಇವರು ಇಲ್ಲೇ ಇರುತ್ತಾರಲ್ಲ.

ವಾಹನ ನಿಲುಗಡೆ ನಿಷೇಧಿಸಿ, ಸಂಜೆ ಕಾರು ಬಿಡಬೇಡಿ ಎಂದು ಪರಿಸರದ ಹೆಸರಿನಲ್ಲಿ ಯಾರಾದರೂ ಶುರು ಮಾಡಿದರೆ ಮಂಡಿಪೇಟೆಯಲ್ಲಿ ನಾವು ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ಹಳ್ಳಿಯಿಂದ ಮದುವೆ ಜವಳಿಗೆ ಬರುವವರು ಗಂಟು ಹೊತ್ತುಕೊಂಡು ಬಸ್ಸು ಹತ್ತುತ್ತಾರೆಯೇ?

ನಿಟುವಳ್ಳಿ ಅಮ್ಮ

ಅಣ್ಣಾ, ನನ್ನ ಮದುವೆ ಜವಳಿ ನಿಮ್ಮ ಬೀದಿಯದ್ದೇ. ನಾವು ಏಳು ಜನ ಗಂಟು ಹೊತ್ತುಕೊಂಡು ಬಸ್ಸಿನಲ್ಲೇ ಹೋದೆವು. ಆಗ ಬಸ್ಸು ಇತ್ತು.

ಬೀಗರ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಬೀಗರ ಮನೆ ಮುಂದೆ ಬಸ್ಸು ನಿಲ್ಲಿಸಿದವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ನನಗೆ ಚಹಾ ಕೊಡಿಸಿದವರನ್ನು ಏನು ಮಾಡಲಿ?

ಟ್ರೆಂಟ್ ದಂಡೆ

ವಿದ್ಯಾನಗರದಲ್ಲಿ ಬೆಳೆದವನು, ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ. ಹೊರದೇಶದಲ್ಲಿ ಕೂತು ಉಪದೇಶ ಮಾಡುವವರ ಮೇಲೆ ನಿಮಗಿರುವ ಸಿಟ್ಟು ನನಗೆ ಗೊತ್ತು. ಆದ್ದರಿಂದ ಇಲ್ಲಿನ ಒಂದು ಹಿರಿಮೆ ಹೇಳಿ, ಒಂದು ಅವಮಾನವನ್ನೂ ಹೇಳುತ್ತೇನೆ.

ಹಿರಿಮೆ: ಈ ನಗರದಲ್ಲಿ ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ವಾಹನ ನಿಲುಗಡೆ ಜಾಗ ಒದಗಿಸುವ ಉದ್ಯೋಗದಾತರು ಆ ಜಾಗಗಳಿಗೆ ನಗರಸಭೆಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು. 2012ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಆ ಹಣ ಟ್ರಾಮ್ ಮಾರ್ಗ ವಿಸ್ತರಣೆಗೆ, ರೈಲು ನಿಲ್ದಾಣದ ನವೀಕರಣಕ್ಕೆ, ಬಸ್ಸುಗಳಿಗೆ ಹೋಗುತ್ತದೆ. ಮಂಡಿಪೇಟೆಯ ಅಣ್ಣನವರು ಗಾಬರಿಯಾಗುವುದು ಬೇಡ, ಸಣ್ಣ ಅಂಗಡಿಗೆ ಇದು ತಟ್ಟುವುದೇ ಇಲ್ಲ. ತೆರಿಗೆ ಹಾಕುವವರೂ ಬಸ್ಸಿಗೆ ಕೊಡುವವರೂ ಒಬ್ಬರೇ ಆದ್ದರಿಂದ ಜನ ಒಬ್ಬರನ್ನೇ ಹಿಡಿದು ಕೇಳುತ್ತಾರೆ.

ಅವಮಾನ: ಇದೇ ನಗರಸಭೆ 2015ರಲ್ಲಿ ಬಡವರಿಗೆ ಅಗ್ಗದ ವಿದ್ಯುತ್ ಮತ್ತು ಅನಿಲ ಕೊಡುತ್ತೇವೆಂದು ರಾಬಿನ್ ಹುಡ್ ಎನರ್ಜಿ ಎಂಬ ಕಂಪನಿ ತೆರೆಯಿತು. ಉದ್ದೇಶ ಒಳ್ಳೆಯದೇ ಇತ್ತು. 2020ರಲ್ಲಿ ಕಂಪನಿ ಮುಳುಗಿತು, ಕೋಟಿಗಟ್ಟಲೆ ಪೌಂಡ್ ಸಾರ್ವಜನಿಕ ಹಣ ಹೋಯಿತು. ಲೆಕ್ಕ ಪರಿಶೋಧಕರ ವರದಿ ಬಂದಾಗ, ಕಂಪನಿಯ ಮೇಲೆ ನಗರಸಭೆ ಸರಿಯಾಗಿ ಕಣ್ಣಿಟ್ಟಿರಲಿಲ್ಲ ಎಂಬುದೇ ಅದರ ಹುರುಳು. ನಗರಸಭೆಯ ಸದಸ್ಯರೇ ಕಂಪನಿಯ ನಿರ್ದೇಶಕ ಮಂಡಳಿಯಲ್ಲೂ ಕೂತಿದ್ದರು. 2023ರ ನವೆಂಬರ್‌ನಲ್ಲಿ ನಗರಸಭೆ ಆಯವ್ಯಯ ಸರಿದೂಗಿಸಲಾರೆವು ಎಂದು ಅಧಿಕೃತವಾಗಿ ಕೈ ಎತ್ತಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು.

2000ನೇ ಇಸವಿಯ ಸ್ಥಳೀಯ ಸರ್ಕಾರ ಕಾಯ್ದೆಯಲ್ಲಿ ಪರಿಶೀಲನಾ ಸಮಿತಿ ಎಂಬ ಏರ್ಪಾಡು ಇದೆ. ಆಡಳಿತ ನಡೆಸುವ ಸದಸ್ಯರು ಅದರಲ್ಲಿ ಇರುವಂತಿಲ್ಲ. ತೀರ್ಮಾನವಾಗಿ ಇನ್ನೂ ಜಾರಿಯಾಗದ ಕೆಲಸವನ್ನು ತಡೆದು, ಮತ್ತೊಮ್ಮೆ ಯೋಚಿಸಿ ಎಂದು ಹಿಂದಕ್ಕೆ ಕಳುಹಿಸುವ ಹಕ್ಕು ಅದಕ್ಕಿದೆ. ಇಷ್ಟೆಲ್ಲ ಇದ್ದೂ ಆ ಕಂಪನಿ ಮುಳುಗಿತು. ಸಮಿತಿ ಇದ್ದರೆ ಸಾಲದು, ಕಡತ ಓದಿ ಬರುವವರು ಬೇಕು.

ದುರ್ಗದ ಗಾಳಿ

ನಿಮ್ಮದು ಪಾಲಿಕೆ, ನಮ್ಮ ಚಿತ್ರದುರ್ಗದ್ದು ನಗರಸಭೆ, ಕಾಯ್ದೆಯೇ ಬೇರೆ, 1964ರದ್ದು. ಗುಡ್ಡದ ಮೇಲೆ ಗಾಳಿಯಂತ್ರಗಳು ಹಸಿರು ವಿದ್ಯುತ್ತಿಗಾಗಿ ತಿರುಗುತ್ತಿರುತ್ತವೆ, ಕೆಳಗೆ ಬಿ.ಡಿ. ರಸ್ತೆಯಲ್ಲಿ ನಾವು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿರುತ್ತೇವೆ. ನಿಮಗೆ ಕೊರಗಲು ಶುದ್ಧ ಗಾಳಿಯ ಪಟ್ಟಿಯಾದರೂ ಇದೆ. ನಾವು ಆ ಪಟ್ಟಿಯಲ್ಲೂ ಇಲ್ಲ.

ಹಳೆ ಕಡತ

ಟ್ರೆಂಟ್ ದಂಡೆಯವರು ಕಂಪನಿಯ ಮಾತೆತ್ತಿದ್ದು ಒಳ್ಳೆಯದಾಯಿತು. ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ 2016ರ ಜನವರಿಯಲ್ಲಿ ಬಂದಾಗ ಅದರಲ್ಲಿ ದಾವಣಗೆರೆ ಇತ್ತು. ಕೆಲಸ ನಡೆಸಲು ಪ್ರತಿ ನಗರದಲ್ಲೂ ಒಂದು ಕಂಪನಿ ಸ್ಥಾಪಿಸಬೇಕು, ಅದರಲ್ಲಿ ರಾಜ್ಯ ಸರ್ಕಾರಕ್ಕೂ ನಗರಾಡಳಿತಕ್ಕೂ ಸಮಪಾಲು ಇರಬೇಕು ಎಂಬುದು ದೇಶಕ್ಕೆಲ್ಲ ಒಂದೇ ನಿಯಮ. ಪಾಲು ಅರ್ಧ, ಆದರೆ ತೀರ್ಮಾನ ನಿರ್ದೇಶಕ ಮಂಡಳಿಯಲ್ಲಿ. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳಿದರೆ, ಅದು ಕಂಪನಿಯ ವಿಷಯ ಎಂದು ಜಾರಿಕೊಳ್ಳಲು ಆ ರಚನೆಯೇ ದಾರಿ ಮಾಡಿಕೊಡುತ್ತದೆ. ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ್ದನ್ನೆಲ್ಲ ಇನ್ನು ನೋಡಿಕೊಳ್ಳುವ ಖರ್ಚು ಯಾರ ತಲೆಗೆ ಎಂಬುದು ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ವಿದ್ಯುತ್ ಬಸ್ಸಿನ ವಿಷಯವೂ ಹೀಗೆಯೇ. ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2011ರ ಜನಗಣತಿಯಂತೆ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಒಟ್ಟು 10,000 ಬಸ್ಸು. ಆ ಗಣತಿಯಲ್ಲಿ ನಮ್ಮೂರು 4.35 ಲಕ್ಷದ ಆಸುಪಾಸು. ಬಸ್ಸು ಓಡಿಸುವ ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ, ಕೇಂದ್ರದ ನೆರವು ಹತ್ತು ವರ್ಷ. ಯಾವ ಕಿಲೋಮೀಟರ್ ಎಂಬುದೇ ಇಲ್ಲಿ ಮುಖ್ಯ. ಪಿ.ಬಿ. ರಸ್ತೆಯಲ್ಲಿ ಹಿಂದೆ ಮುಂದೆ ಓಡಿದರೂ ಕಿಲೋಮೀಟರೇ, ನಿಮ್ಮ ಬಡಾವಣೆಯ ತಿರುವಿಗೆ ಬಂದರೂ ಕಿಲೋಮೀಟರೇ. ಮಾರ್ಗದ ನಕ್ಷೆ ಗೆರೆ ಎಳೆಯುವ ಮೊದಲೇ ಪಾಲಿಕೆಯ ಮುಂದೆ ಬರಬೇಕು. ಗೆರೆ ಎಳೆದ ಮೇಲೆ ಗೆರೆಯೇ ವೇದ.

ಕರ್ನಾಟಕ ಪೌರ ನಿಗಮಗಳ 1976ರ ಕಾಯ್ದೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಸಾರಿಗೆಗೆ ಸಮಿತಿ ಇಲ್ಲ, ಹವಾಮಾನಕ್ಕೂ ಇಲ್ಲ. ಮೇಯರ್ ಅವಧಿ ಒಂದೇ ವರ್ಷ, ಕಡತ ಅರ್ಥವಾಗುವ ಹೊತ್ತಿಗೆ ಹಾರ ಇನ್ನೊಬ್ಬರ ಕೊರಳಿಗೆ. ಚುನಾವಣೆ ತಡವಾದರೆ ಆಡಳಿತಾಧಿಕಾರಿ ಬರುತ್ತಾರೆ, ಆಗ ಕೇಳುವ ಕುರ್ಚಿಗಳೆಲ್ಲ ಖಾಲಿ. ಬೆಂಗಳೂರಿನವರು 2023ರ ನವೆಂಬರ್‌ನಲ್ಲಿ ತಮ್ಮ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿದಾಗ ಅಲ್ಲಿ ಚುನಾಯಿತ ಕೌನ್ಸಿಲ್ ಇಲ್ಲದೆ ಮೂರು ವರ್ಷ ಕಳೆದಿತ್ತು.

ಒಮ್ಮೆ ಸದಸ್ಯೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಬೇರೊಂದು ಸಣ್ಣ ಊರಿನಲ್ಲಿ ಐದು ವರ್ಷ ಸದಸ್ಯಳಾಗಿದ್ದೆ, ಊರಿನ ಹೆಸರು ಬೇಡ. ನೀವು ಸದಸ್ಯರನ್ನು ಬೈಯುವ ಮೊದಲು ಒಂದು ಮಾತು ಕೇಳಿ.

ಬೆಳಿಗ್ಗೆ ಐದೂವರೆಗೆ ಫೋನು ಬರುತ್ತಿತ್ತು. ನೀರು ಬಂದಿಲ್ಲ. ಆರಕ್ಕೆ ಚರಂಡಿ. ಏಳಕ್ಕೆ ಬೀದಿದೀಪ ಹಗಲಲ್ಲೂ ಉರಿಯುತ್ತಿದೆ. ಮಧ್ಯಾಹ್ನ ಯಾರದೋ ಖಾತೆ ಬದಲಾವಣೆ. ಐದು ವರ್ಷದಲ್ಲಿ ಬಸ್ಸು ಬೇಕು ಎಂದು ನನಗೆ ಫೋನು ಮಾಡಿದವರು ಒಬ್ಬರೂ ಇಲ್ಲ. ಗಾಳಿ ಕೆಟ್ಟಿದೆ ಎಂದವರೂ ಇಲ್ಲ. ಕೇಳದಿದ್ದುದನ್ನು ನಾನು ಸಭೆಯಲ್ಲಿ ಎತ್ತಿದ್ದರೆ, ಇವಳ ವಾರ್ಡಿನ ಚರಂಡಿ ಮೊದಲು ನೋಡಿಕೊಳ್ಳಲಿ ಎನ್ನುತ್ತಿದ್ದರು.

2023ರ ಬರ ನೆನಪಿದೆಯೇ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಭದ್ರಾ ನಾಲೆಯ ನೀರಿಗಾಗಿ ನಿಮ್ಮ ಜಿಲ್ಲೆಯ ರೈತರು ರಸ್ತೆಗೆ ಇಳಿದರು. ಕುಂದವಾಡ ಕೆರೆಯೂ ಟಿ.ವಿ. ಸ್ಟೇಷನ್ ಕೆರೆಯೂ ತುಂಬುವುದು ಅದೇ ನಾಲೆಯಿಂದ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಹವಾಮಾನ ನಮ್ಮ ಸದಸ್ಯರ ಮನೆಬಾಗಿಲಿಗೆ ಬರುವುದು ನೀರಿನ ಖಾಲಿ ಕೊಡದ ರೂಪದಲ್ಲಿ. ಬಸ್ಸಿನ ರೂಪದಲ್ಲಿ ಯಾರೂ ತಂದೇ ಇಲ್ಲ. ನಿಟುವಳ್ಳಿಯವರು ತಂದಿದ್ದಾರೆ. ಅರ್ಜಿಯನ್ನು ಮೂರು ಕಚೇರಿಗೆ ಕೊಟ್ಟಿರಿ, ನಿಮ್ಮ ವಾರ್ಡಿಗೆ ಕೊಟ್ಟಿರಾ ತಂಗಿ?

ನಿಟುವಳ್ಳಿ ಅಮ್ಮ

ಇಲ್ಲ ಅಕ್ಕಾ. ಹೊಳೆಯಲೇ ಇಲ್ಲ.

ಒಮ್ಮೆ ಸದಸ್ಯೆ

ಬರೀ ಬಸ್ಸು ಬಿಡಿಸಿ ಎಂದು ಬರೆಯಬೇಡಿ, ಹಿಂಬರಹ ಹಾಕಿ ಬೇರೆ ಕಚೇರಿಗೆ ದಾಟಿಸುತ್ತಾರೆ. ಪಾಲಿಕೆಯ ಕೈಯಲ್ಲಿ ಇರುವುದನ್ನೇ ಕೇಳಿ. ಆ ತಂಗುದಾಣಕ್ಕೆ ಖರ್ಚೆಷ್ಟು, ಜಾಗ ಯಾರನ್ನು ಕೇಳಿ ಆರಿಸಿದರು, ಜಾಹೀರಾತಿನ ಹಣ ಯಾರಿಗೆ ಸೇರುತ್ತದೆ. ಬಜೆಟ್ ಪೂರ್ವಭಾವಿ ಸಭೆಗೆ ಆ ಉತ್ತರ ಹಿಡಿದುಕೊಂಡು ಹೋಗಿ. ಅಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯ ಜನ ಇರುತ್ತಾರೆ, ಮಾತನಾಡಲು ಸಮಯ ಧಾರಾಳವಾಗಿ ಸಿಗುತ್ತದೆ.

ಮಂಡಿಪೇಟೆ ಗಲ್ಲಾಪೆಟ್ಟಿಗೆ

ಜಾಹೀರಾತಿನ ಹಣದ ಪ್ರಶ್ನೆ ಚೆನ್ನಾಗಿದೆ. ಅಂಗಡಿಗೆ ಬೋರ್ಡು ಹಾಕಿದರೆ ನನ್ನಿಂದ ವಸೂಲಿ ಮಾಡುತ್ತಾರೆ. ಉತ್ತರ ಬಂದರೆ ನನಗೂ ತಿಳಿಸಿ.

ಹಳೆ ಕಡತ

ಮಾಹಿತಿ ಹಕ್ಕು ಅರ್ಜಿಯಲ್ಲೇ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಎಚ್ಚರಿಕೆ: ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ದಾವಣಗೆರೆಯವರಿಗೆ 150 ಪದದಲ್ಲಿ ಮಾತು ಮುಗಿಸುವುದು ಕಷ್ಟ, ಈ ಚರ್ಚೆಯನ್ನೇ ನೋಡಿ. ದೂಳಿನ ಹಣದ ಪ್ರಶ್ನೆಯನ್ನು ಗಿರಣಿ ಚಾಳಿನವರು ಬೇರೆ ಅರ್ಜಿಯಲ್ಲಿ ಕೇಳಲಿ. ಆಟೊದ ತಮ್ಮ ಚಾರ್ಜಿಂಗ್ ಜಾಗದ್ದು ಇನ್ನೊಂದರಲ್ಲಿ.

ಮೂರು ಗಾಲಿ

ನಾನು ಬರೆದರೆ ಓದುವವರು ಹುಟ್ಟಬೇಕು. ಅಕ್ಕ ಬರೆದುಕೊಟ್ಟರೆ ಕಚೇರಿಗೆ ಕೊಟ್ಟು ಸ್ವೀಕೃತಿ ತರುವ ಕೆಲಸ ನನ್ನದು, ಬಾಡಿಗೆ ಬೇಡ. ಮೂರೂ ಅರ್ಜಿ ಒಂದೇ ಸಲಕ್ಕೆ ಆಗಲಿ.

ನಿಟುವಳ್ಳಿ ಅಮ್ಮ

ರಾತ್ರಿ ಕೂತು ಬರೆದೆ. ಮಗಳು ಎಣಿಸಿದಳು, 171 ಪದ. ಮೊದಲು ನಾಯಿಗಳನ್ನು ತೆಗೆದೆವು, ಆಮೇಲೆ ಹೂವಿನ ಅಜ್ಜಿಯನ್ನು. ಎರಡು ಕಡೆ ‘ದಯವಿಟ್ಟು’ ಇತ್ತು, ಒಂದನ್ನು ಉಳಿಸಿಕೊಂಡೆ. ಈಗ 148. ನಾಳೆ ಅಂಚೆ ಕಚೇರಿ ತೆರೆದ ತಕ್ಷಣ ಪೋಸ್ಟಲ್ ಆರ್ಡರ್ ತರಬೇಕು. ಮುಖ್ಯ ರಸ್ತೆಯವರೆಗೆ ನಡೆದೇ ಹೋಗಬೇಕು.